ಮುಂದಕ್ಕೆ ಹೋದ ಊಟ

ಹೊಳೆಯ ದಂಡೆಯ ಆಶ್ರಮದಲ್ಲಿ ವಿರೂಪಾಕ್ಷಯ್ಯನವರು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಗಂಟಲು ಕೈಕೊಟ್ಟಿದ್ದರಿಂದ ಮರುದಿನದಿಂದ ಶಿಷ್ಯ ಚೆನ್ನಮಲ್ಲನೇ ಪಾಠ ಮಾಡಬೇಕಿತ್ತು. ಅದನ್ನು ನೆನೆದರೇ ಗುರುಗಳಿಗೆ ಮೈ ಉರಿಯುತ್ತಿತ್ತು.

ಶಿಷ್ಯನಿಗೆ ಉತ್ತರಗಳೆಲ್ಲ ಬರುತ್ತಿದ್ದವು. ಕಾರಣ ಕೇಳಿದರೆ ಮಾತ್ರ ಪಿಳಿಪಿಳಿ ಕಣ್ಣು ಬಿಡುತ್ತಿದ್ದ.

ಗುರುಗಳು ಊಟದ ಮನೆಯ ಮುಂದಿನ ಮರಳಿನ ಮೇಲೆ ಬಟ್ಟಲಿನಂಥ ಗೆರೆ ಎಳೆದರು.

"ಇದು x ವರ್ಗದ ಗ್ರಾಫ್. ಇಡೀ ವರ್ಗದ ಮುಂದೆ ಋಣ ಚಿಹ್ನೆ ಹಾಕಿದರೆ?"

"ಬೋರಲಾಗುತ್ತದೆ ಗುರುಗಳೇ. ಎತ್ತರವೆಲ್ಲ ಅಷ್ಟೇ ಆಳವಾಗುತ್ತದೆ. ಹೊಳೆಯ ನೀರಲ್ಲಿ ಆಚೆ ದಡದ ಗುಡ್ಡ ತಲೆಕೆಳಗಾಗಿ ಕಾಣುವ ಹಾಗೆ."

ಗುರುಗಳಿಗೆ ಕೊಂಚ ಜೀವ ಬಂತು. "ಸರಿ. x ಇದ್ದ ಕಡೆ x ಕಳೆ ಒಂದು ಅಂತ ಬರೆದರೆ?"

"ಬಟ್ಟಲು ಒಂದು ಮನೆ ಬಲಕ್ಕೆ ಸರಿಯುತ್ತದೆ."

"ಕಳೆದರೆ ಎಡಕ್ಕಲ್ಲವೇ ಹೋಗಬೇಕು? ಬಲಕ್ಕೆ ಯಾಕೆ?"

"ಅದು ಹಾಗೇ ಗುರುಗಳೇ. ಬಾಯಿಪಾಠ ಮಾಡಿದ್ದೇನೆ."

"ನಾಳೆ ಮಕ್ಕಳು ಕೇಳಿದರೆ?"

"ಅದು ಹಾಗೇ ಅಂತೀನಿ."

"ಅಯ್ಯೋ ನನ್ನ ಕರ್ಮವೇ!" ಗುರುಗಳು ಧಡಕ್ಕನೆ ಎದ್ದರು. ಊಟದ ಮನೆಗೆ ಹೋಗಿ ಸ್ಟೂಲು ಹತ್ತಿದರು. ಗೋಡೆ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಮುಳ್ಳನ್ನು ಹತ್ತಕ್ಕೆ ತಂದರು.

"ಒಂದು ಕಳೆದೆ. ಈಗ ಸುಮ್ಮನೆ ಕೂತುಕೋ."

ಅಡುಗೆಯ ಪಾರ್ವತಕ್ಕ ಆ ಗಡಿಯಾರ ಹನ್ನೆರಡು ತೋರಿಸದೆ ಯಾರಿಗೂ ಎಲೆ ಹಾಕುವವಳಲ್ಲ. ಗುರುಗಳಿಗೂ ಅಷ್ಟೇ.

ಕಂಬದ ನೆರಳು ಬುಡಕ್ಕೆ ಬಂತು. ಒಳಗಿನಿಂದ ಸಾರಿನ ಒಗ್ಗರಣೆ ಘಮ್ಮೆಂದಿತು. ಚೆನ್ನಮಲ್ಲನ ಹೊಟ್ಟೆ ತಾಳ ಹಾಕತೊಡಗಿತು.

"ಗುರುಗಳೇ, ಹನ್ನೆರಡಾಯಿತು."

"ನನಗೇನು ಹೇಳುತ್ತೀಯ? ಪಾರ್ವತಕ್ಕನನ್ನು ಕೇಳು."

ಒಳಗೆ ಹೋದವನು ಮುಖ ಊದಿಸಿಕೊಂಡು ಬಂದ. "'ಕಣ್ಣು ಕಾಣಿಸಲ್ವೇನಪ್ಪಾ, ಇನ್ನೂ ಹನ್ನೊಂದು' ಅಂತ ಬೈದರು. ನೀವು ಮುಳ್ಳು ಹಿಂದಕ್ಕೆ ತಿರುಗಿಸಿದಿರಿ, ನಮ್ಮ ಊಟ ಮುಂದಕ್ಕೆ ಹೋಯಿತು!"

ಗುರುಗಳು ಮರಳಿನ ಗೆರೆಯನ್ನೇ ನೋಡುತ್ತಾ ಕುಳಿತರು. ಅವರಿಗೂ ಹಸಿವಾಗಿತ್ತು.

ಶಿಷ್ಯನೂ ಅತ್ತ ನೋಡಿದ. ಕುಕ್ಕರಗಾಲಲ್ಲಿ ಕೂತು ಬಟ್ಟಲಿನ ತಳದ ಮೇಲೆ ಬೆರಳಿಟ್ಟ.

"ಪಾರ್ವತಕ್ಕ ಕಾಯುವುದು ಹನ್ನೆರಡನ್ನೇ. ಒಂದು ಕಳೆದ ಮೇಲೂ ಹನ್ನೆರಡು ಉಳಿಯಬೇಕಾದರೆ ನಿಜವಾದ ಹೊತ್ತು ಮಧ್ಯಾಹ್ನ ಒಂದು ಗಂಟೆಗೆ ಬರಬೇಕು. ಬಟ್ಟಲಿನ ತಳ ಕಾಯುವುದು ಸೊನ್ನೆಯನ್ನು. ಒಂದು ಕಳೆದು ಸೊನ್ನೆ ಉಳಿಯಬೇಕಾದರೆ x ಒಂದರವರೆಗೆ ಬರಬೇಕು... ಅದಕ್ಕೇ ಬಲಕ್ಕೆ!"

"ಅಬ್ಬಾ! ಅಂತೂ ಕಾರಣ ನಿನ್ನ ಬಾಯಿಂದಲೇ ಬಂತು." ಗುರುಗಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಮೊದಲೇ ಹೀಗೆ ಹೇಳಿಬಿಟ್ಟಿದ್ದರೆ ಆಗುತ್ತಿತ್ತಲ್ಲ ಗುರುಗಳೇ?"

"ಹೋದ ವರ್ಷ ಹೇಳಿದ್ದೆನಲ್ಲೋ! ನೀನು ಅದನ್ನೂ ಬಾಯಿಪಾಠ ಮಾಡಿ ಮರೆತೆ."

ಕೊನೆಗೂ ಊಟದ ಗಂಟೆ ಬಾರಿಸಿದಾಗ, ಚೆನ್ನಮಲ್ಲ ಗುರುಗಳ ಕೈಗೆ ನೀರು ಹಾಕುತ್ತಾ ಮೆಲ್ಲಗೆ ಕೇಳಿದ:

"ನಾಳೆ ಮಕ್ಕಳು 'ಯಾಕೆ' ಅಂದರೆ ಏನು ಹೇಳಲಿ?"

"ತಕ್ಷಣಕ್ಕೆ ಏನೂ ಹೇಳಬೇಡ," ಎಂದರು ಗುರುಗಳು. "ಮೊದಲು ಹಸಿವಾಗಲಿ."