ಎರಡು ಅರವಟ್ಟಿಗೆಯ ಊರು

"ನಾ ಇಲ್ದಾಗ ಈ ಗಡಿಗಿಗೆ ನೀರು ಯಾರು ತುಂಬ್ತಾರ್ರೀ?"

ಸಕೀನಾ ಗಂಡನನ್ನು ಕೇಳಿದ ಕೊನೆಯ ಮಾತು ಇದು. ದಸ್ತಗೀರ ಉತ್ತರ ಹುಡುಕುವಷ್ಟರಲ್ಲಿ ಅವಳು ಕಣ್ಣು ಮುಚ್ಚಿದ್ದಳು.

ಸಕೀನಾ ಶಿಯಾ ಮನೆಯ ಮಗಳು. ಸುನ್ನಿ ಮನೆಗೆ ಸೊಸೆಯಾಗಿ ಬರುವಾಗ ತವರಿನಿಂದ ಒಂದು ಮಣ್ಣಿನ ಗಡಿಗೆ ತಂದಿದ್ದಳು. ಕರ್ಬಲಾದಲ್ಲಿ ನೀರಡಿಸಿ ಸತ್ತವರ ನೆನಪಿಗೆ ಅದನ್ನು ತುಂಬಿ ಹೊಸ್ತಿಲ ಹೊರಗೆ ಇಡುತ್ತಿದ್ದಳು. ಮೊಹರಂ ತಿಂಗಳಲ್ಲಿ ಮಾತ್ರವಲ್ಲ, ವರ್ಷವಿಡೀ. ಓಣಿಯಲ್ಲಿ ಹೋಗುವವರು ಬರುವವರು ಕುಡಿಯುತ್ತಿದ್ದರು.

ಅವಳಿಗೆ ಮಣ್ಣು ಕೊಟ್ಟು ಬಂದ ಮೇಲೆ ಅವಳ ತಮ್ಮ ಬಾಖರ ಬಾಗಿಲಿಗೆ ಬಂದು ನಿಂತ.

"ದುಲ್ಹಾಭಾಯ್, ಅಕ್ಕನ ಗಡಿಗಿ ಕೊಡ್ರಿ. ನಮ್ಮ ಓಣ್ಯಾಗ ಇಡ್ತೀವಿ. ಅದರ ಕಿಮ್ಮತ್ತು ನಿಮಗ ತಿಳಿಯೂದಿಲ್ಲ."

"ನಿನಗ ಅಕ್ಕ ಇರಬಹುದು. ನನಗ ಹೆಂಡತಿ."

"ಹೆಂಡತಿ ಅಂದಮ್ಯಾಲ ಕಣ್ಣಾಗ ಒಂದು ಹನಿಯಾದ್ರೂ ಬರಬೇಕಿತ್ತು."

ದಸ್ತಗೀರ ಬಾಗಿಲು ಹಾಕಿಕೊಂಡ. ಮಾತು ಎದೆಯಲ್ಲಿ ನಟ್ಟಿತು. ಅವನು ಅತ್ತಿರಲಿಲ್ಲ, ನಿಜ. ಅಳು ಬಂದಿರಲಿಲ್ಲ. ಬಾಖರ ಎದೆ ಬಡಿದುಕೊಂಡು ಅತ್ತಿದ್ದ. ಜನ ಬಾಖರನನ್ನು ಹಿಡಿದುಕೊಂಡು ಸಮಾಧಾನ ಮಾಡಿದ್ದರು. ಗಂಡನಾದವನು ಗೋಡೆಗೆ ಒರಗಿ ನಿಂತಿದ್ದ, ಯಾರೋ ದೂರದ ನೆಂಟನ ಹಾಗೆ. ಅವಳ ಸಾವನ್ನೂ ಇನ್ನೊಬ್ಬ ತನ್ನದು ಮಾಡಿಕೊಂಡನಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು. ಗಡಿಗೆಯನ್ನು ಅಟ್ಟದ ಮೇಲೆ ಬೋರಲು ಹಾಕಿದ. ಅದರ ಮೇಲೆ ಗೋಣಿಚೀಲ ಮುಚ್ಚಿದ.

ಬಾಖರ ಮತ್ತೆ ಬಂದ. ಮತ್ತೂ ಬಂದ. ಎರಡೂ ಓಣಿಯ ಮಂದಿ ಮಾತಿಗೆ ಸೇರಿಕೊಂಡರು. ಗಡಿಗೆಯ ಮಾತು ಹೋಗಿ ಸುನ್ನಿ ಶಿಯಾ ಮಾತು ಬಂತು.

"ನಾಳೆ ಮುಂಜಾನೆ ಮಂದಿ ಕರಕೊಂಡು ಬರ್ತೀನಿ" ಎಂದ ಬಾಖರ.

"ಬಾ. ನಮ್ಮ ಕಡೀಗೂ ಮಂದಿ ಅದಾರ" ಎಂದ ದಸ್ತಗೀರ.

ಅಂದು ಮಧ್ಯಾಹ್ನ ಅವನು ದರ್ಗಾದ ಮುತ್ಯಾನ ಹತ್ತಿರ ಹೋದ. ಮುತ್ಯಾ ಅವನ ಗುರು. ದಸ್ತಗೀರ ಪಾತ್ರೆಗೆ ಕಲಾಯಿ ಹಾಕುವವನು, ಓದು ಅಷ್ಟಕ್ಕಷ್ಟೆ. ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಕೇಳಲು ಅವನಿಗೆ ನಾಚಿಕೆಯಾಯಿತು. ದಾರಿಯ ಚಹಾದಂಗಡಿಯಲ್ಲಿ ಕೇಳಿದ ಸುದ್ದಿಯನ್ನು ಮುಂದಿಟ್ಟ.

"ಮುತ್ಯಾ, ದೂರದ ದೇಶದಾಗ ಸುನ್ನಿ ದೊರಿಗೂ ಶಿಯಾ ದೊರಿಗೂ ಹಗೆ ಅಂತ. ಇಬ್ಬರೂ ಓದೂ ಕಿತಾಬ ಒಂದ. ನಮಾಜಿಗೆ ನಿಲ್ಲೂ ದಿಕ್ಕೂ ಒಂದ. ಉರಿಯೂದು ಮಾತ್ರ ನಡುವಿನವರ ಊರು. ಹಿಂಗ್ಯಾಕ?"

"ಇಷ್ಟು ಕೇಳಾಕ ಇಂಥ ಬಿಸಿಲಾಗ ಬಂದಿಯೇನು?" ಎಂದರು ಮುತ್ಯಾ.

ದಸ್ತಗೀರ ಗಡಿಗೆಯ ವಿಷಯವನ್ನೂ ಹೇಳಿದ. "ಗಡಿಗಿ ಯಾರದು, ನೀವ ಹೇಳ್ರಿ. ನನ್ನದೋ, ಅವನದೋ?"

"ಎರಡೂ ಒಂದ ಪ್ರಶ್ನಿ. ಕೂಡು" ಎಂದು ಮುತ್ಯಾ ಕತೆ ಹೇಳಿದರು.

ಮರಳುಗಾಡಿನ ನಡುವೆ ಒಂದು ಊರು. ಅದರ ಪಡುವಣಕ್ಕೆ ಒಬ್ಬ ಸುನ್ನಿ ಸುಲ್ತಾನ, ಮೂಡಣಕ್ಕೆ ಒಬ್ಬ ಶಿಯಾ ಸುಲ್ತಾನ. ಊರಿನಲ್ಲಿ ಎರಡೂ ಪಂಥದವರು ಬೆರೆತು ಬಾಳುತ್ತಿದ್ದರು. ಊರಿಗೆಲ್ಲ ಒಂದೇ ಬಾವಿ. ನೀರು ಸೇದುವವನೊಬ್ಬ ತನ್ನ ಬಾಗಿಲಲ್ಲಿ ಗಡಿಗೆ ತುಂಬಿ ಇಡುತ್ತಿದ್ದ. ಬಂದವರು ಮೊಗೆದು ಕುಡಿದು ಹೋಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಪಡುವಣದ ಸುಲ್ತಾನ ಆ ಊರಲ್ಲಿ ಅರವಟ್ಟಿಗೆ ಇಡಿಸಿದ. ಪುಣ್ಯಕ್ಕೆಂದೇ ಇಡಿಸಿದ, ಅದರಲ್ಲಿ ಸುಳ್ಳಿಲ್ಲ. ಜನ ಅವನಿಗೆ ದುವಾ ಮಾಡಿದರು. ಆ ಸುದ್ದಿ ಮೂಡಣದ ಸುಲ್ತಾನನ ಕಿವಿಗೆ ಬಿತ್ತು. ಅವನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಎದುರಿಗೇ ಇನ್ನೊಂದು ಅರವಟ್ಟಿಗೆ ಇಡಿಸಿದ. ಅವನು ತಾಮ್ರದ ಹಂಡೆ ಇಟ್ಟಿದ್ದರೆ ಇವನು ಬೆಳ್ಳಿಯದು ಇಟ್ಟ. ಎರಡಕ್ಕೂ ನೀರು ಅದೇ ಬಾವಿಯದು.

ಸಂಜೆಯಾದರೆ ಇಬ್ಬರೂ ತಮ್ಮ ತಮ್ಮ ಸೇವಕರನ್ನು ಕೇಳುತ್ತಿದ್ದದ್ದು ಒಂದೇ. "ಇವತ್ತು ಯಾರ ಸಾಲು ಉದ್ದ ಇತ್ತು?" ಎಷ್ಟು ಜನರ ನೀರಡಿಕೆ ಹೋಯಿತು ಎಂದು ಇಬ್ಬರೂ ಕೇಳಲಿಲ್ಲ.

ಪಡುವಣದ ಸೇವಕ ಚುರುಕಿನವನು. "ಖಾವಂದ್, ಬೇಗ ಬೇಗ ನೀರು ಕೊಟ್ಟರೆ ಜನ ಬೇಗ ಹೋಗಿಬಿಡುತ್ತಾರೆ. ಸಾಲು ಗಿಡ್ಡ ಕಾಣುತ್ತದೆ. ತಡೆದು ಕೊಡೋಣ" ಎಂದ. ಚಿಕ್ಕ ಬಟ್ಟಲು ತರಿಸಿದರು. ಸಾಲು ಉದ್ದವಾಯಿತು. ಎದುರಿನವನು ಅದಕ್ಕಿಂತ ಚಿಕ್ಕ ಬಟ್ಟಲು ತರಿಸಿದ. ಅವನ ಸಾಲು ಇನ್ನೂ ಉದ್ದವಾಯಿತು. ಮುದುಕರು ನೀರಿನ ಎದುರಿಗೇ ಬಾಯಾರಿ ಬಿದ್ದರು. ಬಿದ್ದವರನ್ನು ಎತ್ತಿ ನೆರಳಿಗೆ ಒಯ್ಯಲಿಲ್ಲ. ಸಾಲು ಹರಿದಂತೆ ಕಾಣಬಾರದಲ್ಲ.

ಆಮೇಲೆ ಇಲ್ಲಿ ಕುಡಿದವನು ಅಲ್ಲಿ ಕುಡಿಯಬಾರದು ಎಂದಾಯಿತು. ಗಂಡ ಒಂದು ಸಾಲಿನಲ್ಲಿ, ಹೆಂಡತಿ ಇನ್ನೊಂದು ಸಾಲಿನಲ್ಲಿ. ಸಾಲು ಕಾಯಲು ಇಬ್ಬರೂ ಊರ ಹುಡುಗರ ಕೈಗೇ ಭರ್ಜಿ ಕೊಟ್ಟರು.

ಜನ ಬೇಸತ್ತು, ಕದ್ದುಮುಚ್ಚಿ ನೀರು ಸೇದುವವನ ಬಾಗಿಲಿಗೆ ಹೋಗತೊಡಗಿದರು. ಎರಡೂ ಸಾಲು ಸವೆದವು. ಇದು ಮೂಡಣದವನ ಆಟ ಎಂದು ಪಡುವಣದ ಸುಲ್ತಾನ ತಿಳಿದ. ಪಡುವಣದವನ ಆಟ ಎಂದು ಮೂಡಣದ ಸುಲ್ತಾನ ತಿಳಿದ. ಎರಡೂ ಕಡೆಯ ಭರ್ಜಿಯವರು ಒಟ್ಟಿಗೆ ಆ ಬಾಗಿಲಿಗೆ ಬಂದರು.

"ಈ ಗಡಿಗೆ ಯಾರ ಕಡೆಯದು?"

"ಮಣ್ಣು ಕುಂಬಾರನದು, ನೀರು ಬಾವಿಯದು. ನನ್ನದು ಹಗ್ಗ ಒಂದೇ" ಎಂದ ನೀರು ಸೇದುವವನು.

ಎರಡೂ ಕಡೆಯ ಭರ್ಜಿ ಒಮ್ಮೆಲೇ ಗಡಿಗೆಗೆ ಬಿದ್ದವು. ಎರಡು ಪಕ್ಷ ಕೂಡಿ ಮಾಡಿದ ಕೆಲಸ ಅದೊಂದೇ. ಒಡೆದವರು ನೀವು ಎಂದು ಇವರು, ನೀವು ಎಂದು ಅವರು ಕೂಗಾಡಿ, ಕೈಗೆ ಕೈ ಹತ್ತಿತು. ಊರು ಉರಿಯಿತು. ಹೆಣ ಬಿದ್ದು ಬಾವಿ ಕೆಟ್ಟಿತು. ಬೆಂಕಿ ಸುತ್ತಲ ಊರುಗಳಿಗೂ ಹೋಯಿತು. ಅಷ್ಟರಲ್ಲಿ ಅಲ್ಲೆಲ್ಲ ಎರಡೆರಡು ಅರವಟ್ಟಿಗೆ ಆಗಿದ್ದವು. ಸುಲ್ತಾನರ ಅರಮನೆಗಳಿಗೆ ಹೊಗೆಯೂ ತಾಗಲಿಲ್ಲ.

ಅಂದು ಸಂಜೆಯೂ ಇಬ್ಬರೂ ಕೇಳಿದರು. "ಯಾರ ಸಾಲು ಉದ್ದ ಇತ್ತು?"

"ಎರಡೂ ಸಮ, ಖಾವಂದ್."

ಆ ಉತ್ತರ ಇಬ್ಬರಿಗೂ ಹಿಡಿಸಲಿಲ್ಲ.

ಮುತ್ಯಾ ಕತೆ ನಿಲ್ಲಿಸಿದರು.

"ಸುಲ್ತಾನರದು ತಿಳೀತು ಮುತ್ಯಾ. ನಮ್ಮ ಗಡಿಗಿ ಯಾರದು, ಅದನ್ನ ಹೇಳಲಿಲ್ಲ."

"ಅದರಾಗ ಈಗ ನೀರು ಅದ ಏನು?" ಎಂದರು ಮುತ್ಯಾ.

ದಸ್ತಗೀರ ಎದ್ದು ಮನೆಗೆ ಬಂದ.

ಮರುದಿನ ಮುಂಜಾನೆ ಅವನು ಅಟ್ಟ ಹತ್ತಿ ಗಡಿಗೆ ಇಳಿಸಿದ. ಒಳಗೆ ಜೇಡ ಬಲೆ ಕಟ್ಟಿತ್ತು. ತೊಳೆದ. ಓಣಿಯ ಬಾವಿಯಿಂದ ನೀರು ಸೇದಿ ತುಂಬಿದ. ಒಣಗಿದ ಗಡಿಗೆ ಮೊದಲ ನೀರನ್ನು ತಾನೇ ಕುಡಿಯಿತು. ಮತ್ತೆ ಸೇದಲು ಹೋದ. ಹಗ್ಗ ಎಳೆಯುವಾಗ ಅಳು ಬಂತು. ಯಾರೂ ನೋಡಲಿಲ್ಲ. ನೋಡಲಿ ಎಂದು ಅವನಿಗೂ ಅನಿಸಲಿಲ್ಲ.

ಬಾಖರ ಮಂದಿ ಕಟ್ಟಿಕೊಂಡು ಬಂದಾಗ ದಸ್ತಗೀರನ ಓಣಿಯವರೂ ನೆರೆದಿದ್ದರು. ಗಡಿಗೆ ಹೊಸ್ತಿಲ ಹೊರಗೆ ತುಂಬಿ ನಿಂತಿತ್ತು. ಸಕೀನಾ ಗಡಿಗೆಯ ಮೇಲಿಡುತ್ತಿದ್ದ ಲೋಟವನ್ನು ದಸ್ತಗೀರ ಬಾಖರನ ಕೈಗೆ ಕೊಟ್ಟ.

"ಮೊದಲು ನೀ ಕುಡಿ. ಆಮ್ಯಾಲ ನಿನ್ನ ಮಂದೀಗೂ ಕೊಡು, ನಮ್ಮವರಿಗೂ ಕೊಡು. ಒಂದು ಗಡಿಗಿ ಸಾಲೂದಿಲ್ಲ" ಎಂದು ಹೇಳಿ, ಖಾಲಿ ಕೊಡ ಎತ್ತಿಕೊಂಡು ಬಾವಿಗೆ ನಡೆದ.