ಹಿಂದಿನ ಸೀಟಿನ ತೂಕ

"ಅಜ್ಜಾರೆ, ಮನಸ್ಸು ಏಟು ತಿನ್ನದ ಹಂಗ ಆಗೂದು ಯಾವಾಗ?"

ಕೇಳಿದವನು ಅಡಿವೆಪ್ಪ. ಒಂದು ಮಾತಿಗೆ ಸಿಟ್ಟಾಗಿ, ಹೆಂಡತಿಯನ್ನೂ ಮನೆಯನ್ನೂ ಬಿಟ್ಟು ಘಾಟಿನ ತಲೆಯ ಮೇಲಿದ್ದ ಆ ಸಣ್ಣ ಮಠಕ್ಕೆ ಬಂದವನು. ಬಂದು ಮೂರು ವರ್ಷವಾಗಿತ್ತು. ಬಂದ ದಿನವೇ ಕೊಡ ಹಿಡಿದ. ಕೆಳಗಿನ ಒರತೆಯಿಂದ ಮಠದ ತನಕ ನೂರಾ ಹನ್ನೊಂದು ಮೆಟ್ಟಿಲು. ದಿನಕ್ಕೆ ಇಪ್ಪತ್ತು ಕೊಡ ನೀರು ಹೊತ್ತು ತರುತ್ತಿದ್ದ. ಮಠಕ್ಕೆ ನಾಲ್ಕು ಕೊಡ ಸಾಕಾಗಿತ್ತು. ಉಳಿದದ್ದನ್ನು ಹಿತ್ತಲಿನ ಬಂಡೆಯ ಮೇಲೆ ಸುರಿದು ಮತ್ತೆ ಇಳಿಯುತ್ತಿದ್ದ. ಹೆಗಲ ಮೇಲೆ ಭಾರವಿದ್ದಷ್ಟು ಹೊತ್ತು ಅವನ ಎದೆ ಸುಮ್ಮನಿರುತ್ತಿತ್ತು.

ಆ ಬೆಳಿಗ್ಗೆ ಅವನ ಊರಿನ ಲಾರಿಯವನೊಬ್ಬ ಮಠದ ಕೆಳಗೆ ಗಾಡಿ ನಿಲ್ಲಿಸಿ ಇಂಜಿನ್ನಿಗೆ ನೀರು ಕೇಳಿದ್ದ. ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿಮ್ಮ ಮನಿಯಾಕಿ ಕೇಳಿದ್ಲು. 'ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ತಾರಂತೇನು' ಅಂತ" ಎಂದ. ಅಷ್ಟೇ. ಲಾರಿ ಹೋಯಿತು. ಮೆಟ್ಟಿಲ ಮೇಲೆ ನಿಂತಿದ್ದ ಅಡಿವೆಪ್ಪನ ಹೆಗಲಿನ ಕೊಡ ಜಾರಿ, ಮೆಟ್ಟಿಲು ಮೆಟ್ಟಿಲಾಗಿ ಉರುಳಿ, ಒರತೆಯ ಬಾಯಿಗೆ ಹೋಗಿ ನಿಂತಿತು.

"ಮೂರು ವರ್ಷ ಕಟ್ಟಿದ್ದು ಒಂದ ಮಾತಿಗೆ ಕುಸೀತು. ಕುಸಿಯದ ಹಂಗ ಮಾಡ್ರಿ. ನನಗ ಇಲ್ಲಿ ಇರಾಕೂ ಆಗವಲ್ದು, ಅಲ್ಲಿಗೆ ಹೋಗಾಕೂ ಆಗವಲ್ದು."

ಮಠದ ಗುರುಗಳು ಕಾವಿ ಉಡುವ ಮೊದಲು ಯಾವುದೋ ಪೇಟೆಯ ಗ್ಯಾರೇಜಿನಲ್ಲಿದ್ದರೆಂದು ಜನ ಹೇಳುತ್ತಿದ್ದರು. ಅವರು ಹೌದೆಂದೂ ಅಂದಿರಲಿಲ್ಲ, ಅಲ್ಲವೆಂದೂ ಅಂದಿರಲಿಲ್ಲ. "ಕೂಡು" ಎಂದರು. ಅಡಿವೆಪ್ಪ ಕೂತ. ಅವರು ಕತೆ ತೆಗೆದರು.

ಒಬ್ಬ ಸವಾರನಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಎಲ್ಲರ ದಾರಿ ಡಾಂಬರಿನ ಜೊತೆ ಮುಗಿದರೆ ಅವನ ದಾರಿ ಅಲ್ಲಿಂದ ಶುರುವಾಗುತ್ತಿತ್ತು. ಮೋಟರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಕೂರುತ್ತಿದ್ದಳು. ಎಡಗೈ ಅವನ ಭುಜದ ಮೇಲೆ, ಬಲಗೈಯಲ್ಲಿ ಬುತ್ತಿಯ ಗಂಟು.

ಗಾಡಿ ಹಳೆಯದು. ಹಿಂಬದಿಯ ಸ್ಪ್ರಿಂಗು ಸೋತಿತ್ತು. ಇಬ್ಬರು ಕೂತರೆ ಪೂರಾ ತಳ ಸೇರಿಬಿಡುತ್ತಿತ್ತು. ಗುಂಡಿ ಬಂದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದು, ಏಟು ನೇರವಾಗಿ ಅವಳ ನಡಕ್ಕೆ ಬೀಳುತ್ತಿತ್ತು.

"ಏನ್ರೀ, ನಿಮ್ಮ ಗಾಡಿಗೆ ನನ್ನ ನಡಾನೇ ಸ್ಪ್ರಿಂಗ್ ಏನು?" ಎಂದು ಅವಳು ಬೆನ್ನಿಗೆ ಗುದ್ದುತ್ತಿದ್ದಳು. ಅವನು ನಗುತ್ತಿದ್ದ. ಆ ಗುದ್ದು ಅವನಿಗೆ ಹಿತವಾಗಿತ್ತು.

ಅವಳಿಗೆ ಒಂದೇ ಆಸೆ. ಉತ್ತರದ ಬೆಟ್ಟಗಳಲ್ಲಿ, ಮರವೂ ಹುಟ್ಟದಷ್ಟು ಎತ್ತರದಲ್ಲಿ, ಒಂದು ಸರೋವರವಿದೆಯಂತೆ. ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಇನ್ನೊಂದು ಬಣ್ಣವಂತೆ. ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ ಅವಳು ಅದನ್ನು ನೋಡಿದ್ದಳು. "ಅದರ ದಂಡಿಗೆ ಕೂತು ಬುತ್ತಿ ಬಿಚ್ಚಬೇಕು ನೋಡ್ರಿ" ಎನ್ನುತ್ತಿದ್ದಳು.

ಒಂದು ದಿನ ದೊಡ್ಡ ಗುಂಡಿ ಬಂತು. ಅವಳು ನಡ ಹಿಡಿದುಕೊಂಡು ಇಳಿದಳು. "ಇದನ್ನ ಸರಿ ಮಾಡಿಸೂ ತನಕ ನಾ ಹತ್ತಂಗಿಲ್ಲ" ಎಂದಳು. ಅವನು ನಗಬಾರದಿತ್ತು. ನಕ್ಕ. "ರೂಢಿ ಮಾಡ್ಕೋ" ಎಂದ. ಅವಳು ಬುತ್ತಿಯ ಗಂಟನ್ನು ಟ್ಯಾಂಕಿನ ಮೇಲಿಟ್ಟು ನಡೆದೇ ಊರಿಗೆ ಹೋದಳು. ಅವನು ಕರೆಯಲಿಲ್ಲ. ಅವಳು ತಿರುಗಿ ನೋಡಲಿಲ್ಲ.

ಅಡಿವೆಪ್ಪ ಕೂತಲ್ಲಿಯೇ ಸ್ವಲ್ಪ ಸರಿದು ಕೂತ. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಸವಾರನಿಗೆ ಹಟ ಬಂತು. ಇಡೀ ಸೀಮೆಯಲ್ಲಿ ಯಾರ ಗಾಡಿಗೂ ಇಲ್ಲದ ಶಾಕ್ ಅಬ್ಸಾರ್ಬರ್ ಹಾಕಿಸಬೇಕು, ಆಮೇಲೆಯೇ ಅವಳ ಮುಂದೆ ಹೋಗಿ ನಿಲ್ಲಬೇಕು ಎಂದುಕೊಂಡ. ದೂರದ ಪೇಟೆಯಲ್ಲಿ ಅದೊಂದೇ ಕಸುಬು ಮಾಡುವ ಮಿಸ್ತ್ರಿಯೊಬ್ಬನಿದ್ದ. ಅಲ್ಲಿಗೆ ಹೋದ. ಮಿಸ್ತ್ರಿ ಹಳೆಯ ಶಾಕ್ ಬಿಚ್ಚಿ ಒಗೆದು ಹೊಸದನ್ನು ಕೂರಿಸಿದ.

"ಗಾಡಿ ಒಂದು ಕೂದಲಿನಷ್ಟೂ ಕುಸಿಬಾರದು" ಎಂದ ಸವಾರ.

"ಹಂಗಂದ್ರ ಕಟ್ಟಿಗಿ ತುಂಡು ಹಾಕಿಸ್ಕೊ ಹೋಗು, ನನ್ನ ಹತ್ರ ಯಾಕ ಬಂದಿ?" ಎಂದ ಮಿಸ್ತ್ರಿ. "ಸ್ಪ್ರಿಂಗ್ ಭಾರ ಹೊರಬೇಕು. ಅದರಾಗಿನ ಎಣ್ಣಿ ಆ ಸ್ಪ್ರಿಂಗ್ ಕುಣಿಯದ ಹಂಗ ಹಿಡಿಬೇಕು. ಭಾರ ಕೂತಾಗ ಮೂರರಾಗ ಒಂದು ಪಾಲು ಕುಸಿಲೇಬೇಕು. ಕುಸಿಯದ ಗಾಡಿ ತಗ್ಗು ಬಂದಾಗ ಗಾಲಿ ಕೆಳಗ ಇಳಸೂದಿಲ್ಲ. ಗಾಲಿ ನೆಲ ಬಿಡ್ತದ. ನೆಲ ಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ದಾರೀನೂ ಇಲ್ಲ."

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಮೊದಲು ಖಾಲಿ ಗಾಡಿಗೆ ಟೇಪು ಹಿಡಿದು ಅಳೆಯುವುದು. ಆಮೇಲೆ ಅದರ ಮೇಲೆ ಯಾರು ಯಾರು ಹೋಗುತ್ತಾರೋ ಅವರನ್ನೆಲ್ಲ ಕೂರಿಸಿ, ಎಷ್ಟು ಕುಸಿಯಿತೆಂದು ಅಳೆಯುವುದು. ಸ್ಪ್ರಿಂಗಿನ ತಲೆಯ ಮೇಲಿನ ಬಳೆಯನ್ನು ಕೊಕ್ಕೆ ಪಾನಾ ಎಂಬ ಸ್ಪ್ಯಾನರ್ ಹಾಕಿ ಆ ಭಾರಕ್ಕೆ ತಕ್ಕಷ್ಟು ಬಿಗಿಯುವುದು. ಮಿಸ್ತ್ರಿ ಪಾನಾ ಹಿಡಿದು ಕೇಳಿದ, "ಹಿಂದ ಕೂಡಾಕಿ ಎಲ್ಲಿ?"

"ಊರಾಗ ಅದಾಳ. ಐವತ್ತೆರಡು ಕೆಜಿ ಅಂತ ಹಿಡಿ."

"ಅಂದಾಜು ಬ್ಯಾಡ. ಆಳು ಬೇಕು. ಹೋಗಿ ಕರಕೊಂಡು ಬಾ."

ಕರೆಯುವುದೆಂದರೆ ಅವಳ ಮುಂದೆ ತಲೆ ತಗ್ಗಿಸುವುದು. ಸವಾರ ಊರ ಕಡೆ ಹೋಗಲಿಲ್ಲ, ಹೊಳೆಯ ಕಡೆ ಹೋದ. ಗೋಣಿಚೀಲದಲ್ಲಿ ಮರಳು ತುಂಬಿ, ತೂಕ ಮಾಡಿ, ಐವತ್ತೆರಡಕ್ಕೆ ಸರಿಮಾಡಿ, ತಂದು ಹಿಂದಿನ ಸೀಟಿಗೆ ಹಗ್ಗ ಬಿಗಿದ. ಮುಂದೆ ತಾನು ಕೂತ. ಮಿಸ್ತ್ರಿ ಚೀಲದ ಮುಖ ನೋಡಿದ, ಇವನ ಮುಖ ನೋಡಿದ. ಟೇಪು ಹಿಡಿದು ಅಳೆದ. ಬಳೆ ತಿರುಗಿಸಿ ಬಿಗಿದ.

ಗಾಡಿ ಬೆಣ್ಣೆಯಂತಾಯಿತು. ಹಳೆಯ ಗುಂಡಿಗಳೆಲ್ಲ ಕೆಳಗೆ ಹಾದುಹೋದದ್ದೇ ಗೊತ್ತಾಗಲಿಲ್ಲ. ನೇರ ಮನೆಗೆ ಹೋಗಬೇಕೆಂದೇ ಹೊರಟಿದ್ದ. ಊರಿನ ಕವಲು ಬಂದಾಗ, ಸ್ವಲ್ಪ ಕಲ್ಲುದಾರಿಯಲ್ಲಿ ಓಡಿಸಿ ನೋಡಿ ಆಮೇಲೆ ಹೋದರಾಯಿತು ಎನಿಸಿತು. ಕಲ್ಲುದಾರಿ ಮುಗಿದ ಮೇಲೆ ಒಂದು ಹೊಳೆ ದಾಟಿ ನೋಡೋಣ ಎನಿಸಿತು. ಹೀಗೆ ಅವನು ಬಡಗಣ ದಿಕ್ಕಿಗೆ ಬಿದ್ದ. ಚೀಲ ಇಳಿಸಿ ನೋಡಿದ. ಗಾಡಿ ಕತ್ತೆಯ ಹಾಗೆ ಒದೆಯಿತು. ಮತ್ತೆ ಹೇರಿಕೊಂಡ. ಎಲ್ಲೋ ಒಂದು ಚಹಾದಂಗಡಿಯಲ್ಲಿ ಕೂತಿದ್ದವರು, "ಅಣ್ಣಾ, ನೀ ಒಬ್ಬನ ಕುಡಿದ್ರ ಹೆಂಗ? ಅಕ್ಕಾರಿಗೆ ಚಹಾ ಬ್ಯಾಡಂತೇನು?" ಎಂದು ಚೀಲ ತೋರಿಸಿದರು. ಎಲ್ಲರೂ ನಕ್ಕರು. ಅವನೂ ನಕ್ಕ.

ಅಡಿವೆಪ್ಪನಿಗೂ ನಗು ಬಂತು. ಅರ್ಧಕ್ಕೆ ನಿಂತಿತು.

ಎಷ್ಟೋ ದಿನಗಳ ಮೇಲೆ, ಮರ ಹುಟ್ಟದಷ್ಟು ಎತ್ತರದಲ್ಲಿ, ಒಂದು ತಿರುವು ದಾಟಿದ ಕೂಡಲೇ ಸರೋವರ ಕಂಡಿತು. ಸವಾರ ಅದರ ದಂಡೆಗೆ ಹೋಗಿ ಗಾಡಿ ನಿಲ್ಲಿಸಿದ. ಎರಡೂ ಕಾಲು ನೆಲಕ್ಕೂರಿದ. ಬ್ರೇಕು ಹಿಡಿದ. ಎಡಭುಜವನ್ನು ಸ್ವಲ್ಪ ತಗ್ಗಿಸಿ ಕಾದ.

ಇಬ್ಬರು ಹೋಗುವ ಗಾಡಿಯಲ್ಲಿ ಮೊದಲು ಇಳಿಯುವವರು ಹಿಂದೆ ಕೂತವರು. ಮುಂದಿನವನು ಕಾಲೂರಿ ಕಾಯಬೇಕು. ಅವರು ಭುಜಕ್ಕೆ ಕೈ ಕೊಟ್ಟು ಇಳಿದ ಮೇಲೆ ಅವನು ಇಳಿಯಬೇಕು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅವನ ಮೈಗೆ ಗೊತ್ತಿತ್ತು. ಮೈ ಕಾಯಿತು. ಭುಜಕ್ಕೆ ಕೈ ಬರಲಿಲ್ಲ.

ಬೆಳಗಿನ ಬಣ್ಣ ಹೋಗಿ ಮಧ್ಯಾಹ್ನದ ಬಣ್ಣ ಬಂದಿತು. ಅವನು ನೀರಿನ ಕಡೆ ನೋಡಲಿಲ್ಲ. ಇಷ್ಟು ದೂರ ಒಂದು ಏಟೂ ತಾಗಿರಲಿಲ್ಲ, ಒಂದು ಗುದ್ದೂ ಬಿದ್ದಿರಲಿಲ್ಲ ಎಂಬುದು ಆಗ ಅವನ ಲಕ್ಷ್ಯಕ್ಕೆ ಬಂತು. ಹಿಂದೆ ಕೈ ಚಾಚಿ ಹಗ್ಗ ಬಿಚ್ಚಿದ. ಊರ ಹೊಳೆಯ ಮರಳನ್ನು ಆ ದಂಡೆಗೆ ಸುರಿದ. ಚೀಲ ಖಾಲಿಯಾಗುತ್ತಿದ್ದಂತೆ ಗಾಡಿಯ ಹಿಂಬದಿ ಎರಡು ಬೆರಳು ಮೇಲೆದ್ದಿತು. ಅದನ್ನು ಅವನು ಬಹಳ ಹೊತ್ತು ನೋಡಿದ.

ಬರುವಾಗ ದಾರಿಯ ಒಂದೊಂದು ಕಲ್ಲೂ ಅವನನ್ನು ಎತ್ತಿ ಎತ್ತಿ ಒಗೆಯಿತು. ಬಂದದ್ದು ಮಿಸ್ತ್ರಿಯ ಗ್ಯಾರೇಜಿನ ಮುಂದಿನ ರಸ್ತೆಯಲ್ಲೇ. ಮಿಸ್ತ್ರಿ ದೂರದಿಂದಲೇ ಗಾಡಿಯ ನೆಗೆತ ಕಂಡು, ಕೊಕ್ಕೆ ಪಾನಾ ಹಿಡಿದು ಎದ್ದು ಬಂದ. "ಒಬ್ಬನ ಆದ್ಯಲ್ಲ. ಬಳಿ ಸಡ್ಲ ಮಾಡ್ಲೇನು? ಎರಡು ಸುತ್ತು, ಅಷ್ಟ."

"ಬ್ಯಾಡ."

"ನಡ ಮುರಿತದಲೋ ಹುಚ್ಚಾ."

"ಮುರೀಲಿ. ಮನಿ ತನಕ ತಾನೆ" ಎಂದ ಸವಾರ. "ಆ ಎರಡು ಬೆರಳು ಆಕೀದು."

ಮಿಸ್ತ್ರಿ ಪಾನಾವನ್ನು ಜೇಬಿಗೆ ಹಾಕಿಕೊಂಡ. ಸವಾರ ಊರಿಗೆ ಹೋದ. ತನ್ನ ಮನೆಯ ಬಾಗಿಲ ಮುಂದೆ ಗಾಡಿ ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ. ಹಾರ್ನ್ ಹೊಡೆಯಲಿಲ್ಲ. ಎರಡೂ ಕಾಲು ನೆಲಕ್ಕೂರಿ, ಭುಜ ತಗ್ಗಿಸಿ, ಸರೋವರದ ದಂಡೆಯಲ್ಲಿ ಕಾದ ಹಾಗೆಯೇ ಕಾದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಘಾಟಿನಲ್ಲಿ ಯಾವುದೋ ಗಾಡಿ ಗೇರು ಬದಲಿಸಿ ಏರುತ್ತಿತ್ತು. ಅದರ ಸದ್ದು ಪೂರ್ತಿ ಕರಗುವ ತನಕ ಅಡಿವೆಪ್ಪ ಕಿವಿಗೊಟ್ಟ. ಆಮೇಲೆ ತಾಳಲಾರದೆ ಕೇಳಿದ.

"ಆಕಿ ಹೊರಗ ಬಂದ್ಲೇನ್ರೀ, ಅಜ್ಜಾರೆ? ಹತ್ತಿದ್ಲೇನು?"

ಗುರುಗಳು ನೂರಾ ಹನ್ನೊಂದು ಮೆಟ್ಟಿಲಿನ ಕೆಳಗೆ, ಒರತೆಯ ಬಾಯಲ್ಲಿ ಮಗುಚಿ ಬಿದ್ದಿದ್ದ ಕೊಡವನ್ನು ನೋಡಿದರು.

"ಅಡಿವೆಪ್ಪಾ, ದಿನಾ ಹದಿನಾರು ಕೊಡ ಬಂಡೆಗಲ್ಲಿನ ಮ್ಯಾಲೆ ಸುರೀತಿಯಲ್ಲ, ಆ ನೀರು ಯಾರ ತೂಕದ ಬದಲಿಗೆ?"