ಕಲ್ಲು ಸೀನಿ ಕಣ್ಣು ಕೊಟ್ಟ ಶ್ರೀ ಉಸಿರುಲಿಂಗೇಶ್ವರನ ಮಹಿಮೆ

ಕೃತಯುಗವು ಕಳೆದು ತ್ರೇತಾಯುಗವು ಇನ್ನೂ ತೊಟ್ಟಿಲ ಕೂಸಾಗಿದ್ದ ಕಾಲದಲ್ಲಿ, ತುಂಗಭದ್ರೆಯ ಉತ್ತರತೀರದ ಶಿಲಾಪರ್ವತಗಳ ನಡುವೆ, ಸಿಂಹ ಶಾರ್ದೂಲಗಳೂ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದಂಥ ಕರಿಮಾಳಜ್ಜನೆಂಬ ಕುರುಬಕುಲತಿಲಕನು ಕುರಿ ಕಾಯ್ದುಕೊಂಡಿದ್ದನು. ಅವನ ಕಣ್ಣೆಂದರೆ ಅಂತಿಂಥ ಕಣ್ಣಲ್ಲ. ಗುಡ್ಡದ ನೆತ್ತಿಯಲ್ಲಿ ನಿಂತು, ಹೊಳೆಯಾಚೆಯ ಬಯಲಲ್ಲಿ ಹೋಗುವ ಇರುವೆ ಕುಂಟುತ್ತಿದೆಯೆಂದು ಹೇಳುತ್ತಿದ್ದನು. ಯಾವ ಕಾಲೆಂಬುದನ್ನೂ ಹೇಳುತ್ತಿದ್ದನು. ಅಂಥವನನ್ನೂ ಮುಪ್ಪು ಬಿಡಲಿಲ್ಲ. ಕಣ್ಣಿಗೆ ಪೊರೆ ಕವಿದು ನಡುಹಗಲೂ ಮಂಜಾಯಿತು.

ಮಳೆಗಾಲ ತೀರಿ, ಹಿಂಡು ಹಟ್ಟಿ ಬಿಟ್ಟು ದೂರದ ಎರೆಹೊಲಗಳ ಸೀಮೆಗೆ ಹೊರಡುವ ಹೊತ್ತು ಬಂತು. ಮಗ ಸೋಮರಾಯನು ಕಂಬಳಿಗಂಟು ಕಟ್ಟುತ್ತ, "ಯಪ್ಪಾ, ಈ ಸಲ ನೀ ಹಟ್ಟ್ಯಾಗ ಕುಂದ್ರು. ನಿನ್ನೆ ಬೇಲಿ ಮುಂದ ನಿಂತು ಅದನ್ನ ‘ಯಾವೂರು ತಮ್ಮಾ’ ಅಂತ ಮಾತಾಡಿಸ್ತಿದ್ದಿ" ಎಂದನು.

"ಅದೇನು ಸುಮ್ನಿತ್ತೇನು? ತೆಲಿ ಅಲ್ಲಾಡಿಸ್ತಲ್ಲ!" ಎಂದನು ಅಜ್ಜ.

ಸೊಸೆ ನಿಂಗವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಮಾವಾರ ಕಾಲು ಇನ್ನಾ ಗಟ್ಟಿ ಅದಾವ. ಇವತ್ತೊಂದಿನ ಅವರೇ ಹಿಂಡು ಕಾಯಲಿ. ಒಂದೂ ಮರಿ ಕಳೀದಂಗ ತಂದ್ರ ನಮ್ಮ ಸಂಗಾಟ ಬರಲಿ, ಕಳದ್ರ ಕುಂದರ್ಲಿ" ಎಂದು ನ್ಯಾಯ ಹೇಳಿದಳು. ಅಜ್ಜ ಒಪ್ಪಿದನು. ಹಿಂಡಿನ ಹಿಂದೆ ನಡೆಯದೆ ಹಟ್ಟಿಯ ಮೂಲೆಯಲ್ಲಿ ಗಂಜಿ ಕಾಯುವುದೆಂದರೆ, ಉಸಿರಿದ್ದೂ ಹೆಣವಾದ ಹಾಗೆಯೇ ಅವನಿಗೆ.

ಆ ದಿನ ಹೊತ್ತು ಇಳಿಯುವಾಗ ಗುಡ್ಡದ ಓರೆಯಲ್ಲಿ ಕುರಿಯೊಂದು ಈಯಿತು. ಅದರ ದನಿ ಹಿಡಿದು ಹೋದ ಅಜ್ಜನು ಹಸಿಹುಲ್ಲಿನಲ್ಲಿ ತಡಕಾಡಲು, ಮರಿಗಾತ್ರದ್ದೊಂದು ಕೈಗೆ ಸಿಕ್ಕಿತು. ನುಣ್ಣಗಿದೆ, ಒದ್ದೆಯಾಗಿದೆ, ಹಣೆಯಿದೆ, ಎರಡು ಮೂಗಿನ ಹೊಳ್ಳೆಗಳೂ ಇವೆ. ಆದರೆ ತಣ್ಣಗೆ ಕೊರೆಯುತ್ತಿದೆ, ಉಸಿರಿಲ್ಲ. ಹುಟ್ಟಿದ ಮರಿ ಉಸಿರು ಹಿಡಿಯದಿದ್ದರೆ ಕುರುಬರು ಲೋಳೆ ಒರೆಸಿ, ಒಣಹುಲ್ಲಿನಿಂದ ಮೈ ತಿಕ್ಕಿ, ಮೂಗಿನೊಳಗೆ ಊದುತ್ತಾರೆ; ಮರಿ ಸೀನಿತೋ, ಬದುಕಿತು. ಅಜ್ಜನು, ಎರಡೆತ್ತು ಜಗ್ಗಿದರೂ ಮಿಸುಕದ ಆ ಭಾರವನ್ನು ಕಿತ್ತು ತೊಡೆಯ ಮೇಲೆ ಹಾಕಿಕೊಂಡು, ‘ತಾಯಿ ಚಲೋ ಮೇದಾಳ’ ಎಂದುಕೊಂಡು, ತಿಕ್ಕಿದನು, ಊದಿದನು. ಊದಿದ ರಭಸಕ್ಕೆ ಎದುರುಗುಡ್ಡದ ಬಾರೆಹಣ್ಣೆಲ್ಲ ಉದುರಿದವು.

ಹುಡುಕಿಕೊಂಡು ಬಂದ ಸೋಮರಾಯ ನೋಡಿ ಹಣೆ ಹಣೆ ಬಡಿದುಕೊಂಡನು. "ಯಪ್ಪಾ! ಮರಿ ಅಕಾ ಅಲ್ಲಿ ತಾಯಿ ಮಗ್ಗಲಾಗ ಮೊಲಿ ಕುಡ್ಯಾಕತ್ತೇತಿ. ನಿನ್ನ ತೊಡಿಮ್ಯಾಲಿರೋದು ಕಲ್ಲು!"

ಅಜ್ಜನ ಮುಖ ಬಾಡಿತು. ಇನ್ನು ತನಗೆ ಹಟ್ಟಿಯ ಮೂಲೆಯೇ ಗತಿಯೆಂದು ತಿಳಿಯಿತು. ಆದರೂ ಕೈ ತೆಗೆಯಲಿಲ್ಲ. "ಕಲ್ಲರ ಯಾಕಾಗವಲ್ದು, ಬೆಚ್ಚಗಾಗೇತಿ. ಈಗ ಬಿಟ್ರ ಸಾಯ್ತೈತಿ" ಎಂದು ಮತ್ತೆ ಊದಿದನು.

ಆಗ ಕಲ್ಲು ಸೀನಿತು!

ಆ ಸೀನಿಗೆ ಗಿರಿಗಹ್ವರಗಳು ಗುಡುಗಿದವು, ಹೊಳೆಯ ಮೊಸಳೆಗಳು ದಡಕ್ಕೆ ಬಂದು ಬಿದ್ದವು. ಶಿಲೆಯ ನಾಸಾರಂಧ್ರಗಳಿಂದ ಚಿಮ್ಮಿದ ಶೀತಲಜಲವು ಅಜ್ಜನ ಕಣ್ಣಿಗೆ ಬಡಿಯಲು, ಪೊರೆಯು ಉಳ್ಳಾಗಡ್ಡಿ ಸಿಪ್ಪೆಯಂತೆ ಕಳಚಿ ಬಿತ್ತು. ಮೊದಲು ಕಂಡದ್ದು ಮಗನ ಮುಖ. "ಅಯ್ಯ ಸೋಮ್ಯಾ, ನಿನ್ನ ಗಡ್ಡಾನೂ ಬೆಳ್ಳಗಾತಲ್ಲೋ" ಎಂದನು.

ಆಗ ಶಿಲಾಗರ್ಭದಿಂದ ಹರನ ವಾಣಿ ಮೊಳಗಿತು: "ಎಲೈ ಭಕ್ತನೇ, ನನ್ನ ಬಳಿ ಬಂದವರೆಲ್ಲ ಬೇಡಿದರು, ನನಗೇ ಉಸಿರಿಲ್ಲವೆಂದು ಮರುಗಿದವನು ನೀನೊಬ್ಬನೇ. ಇನ್ನು ಮೇಲೆ ನಿನ್ನ ಕಣ್ಣಿಗೆ ನಾನು ಹೊಣೆ, ಕಾಲಿಗೆ ನೀನು ಹೊಣೆ. ನೀನು ನಡೆಯುವ ತನಕ ನಾನು ಕಾಣಿಸುವೆನು."

"ಆಗ್ಲಿ ನಮ್ಮಪ್ಪಾ. ಬಾಕಿ ಮಾತು ನಾಳೆ ಆಡೂಣು, ಕುರಿ ಚೆದುರಾಕತ್ತಾವ" ಎಂದು ಅಜ್ಜ ಕೋಲೆತ್ತಿಕೊಂಡು ಎದ್ದೇಬಿಟ್ಟನು. ಮರುದಿನ ಮುಂಜಾನೆ ಹಿಂಡಿನ ಮುಂದೆ ನಡೆದವನು ಅವನೇ. ಮಗ ಕೂತ, ಮೊಮ್ಮಗ ಕೂತ, ಅಜ್ಜ ಕೂರಲಿಲ್ಲ. ಅವನು ಸವೆಸಿದ ಚಪ್ಪಲಿಗಳನ್ನು ಒಂದೆಡೆ ಒಟ್ಟಿದ್ದರೆ ಅದೇ ಇನ್ನೊಂದು ಗುಡ್ಡವಾಗುತ್ತಿತ್ತು.

ಆ ಶಿಲೆಯೇ ಇಂದು ಸೀನುಗುಡ್ಡದ ಮೇಲೆ ಮರಿಯಂತೆ ಮುದುಡಿ ಮಲಗಿರುವ ಶ್ರೀ ಉಸಿರುಲಿಂಗೇಶ್ವರನು. ಕಾರ್ತಿಕ ಸೋಮವಾರಗಳಲ್ಲಿ ವೃದ್ಧರು ಯಾರ ಹೆಗಲನ್ನೂ ಏರದೆ ತಮ್ಮ ಕಾಲಲ್ಲೇ ಗುಡ್ಡ ಹತ್ತಿ, ಸ್ವಾಮಿಯನ್ನು ಸುತ್ತಿ, ಹೊಳ್ಳೆಗಳಲ್ಲಿ ಊದುತ್ತಾರೆ. ಊದಿದವರ ಕಣ್ಣಿಗೆ ತಣ್ಣನೆಯ ಹನಿ ಸಿಡಿಯುತ್ತದೆ. ಹನಿ ಸಿಡಿಯಲಿಲ್ಲವೆಂದು ಕಣ್ಣೀರಿಡುವವರಿಗೆ, ಹೊಳೆಯಾಚೆಯ ಇರುವೆಯೂ ಕಾಣುವಷ್ಟು ಕಣ್ಣು ಚುರುಕಾದ ಅಲ್ಲಿಯ ಮುದಿಪೂಜಾರಿ ಹೇಳುವುದು ಇಷ್ಟೇ: "ಅಳಬ್ಯಾಡ ಯಜ್ಜಾ, ಇನ್ನೊಂದು ಸುತ್ತು ನಡದು ಬಾ."